ದೊಡ್ಡ ಟ್ರಾವೆಲ್ಸ್‌ಗಳ ನಡುವೆ ಸಣ್ಣ ಬಾಡಿಗೆ ವಾಹನ ಉದ್ಯಮ ಗುರುತಿಸಿಕೊಳ್ಳುವುದು ಹೇಗೆ? ಕೊಡಗಿನ ವಾಹನ ಮಾಲೀಕರಿಗೆ ಮಾರ್ಗದರ್ಶಿ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ ಕಡೆಗಳಲ್ಲಿ ಒಂದೋ ಎರಡೋ ಕಾರು, ಹೆಚ್ಚೆಂದರೆ ಅದರ ಜೊತೆಗೊಂದು ಟೆಂಪೊ ಟ್ರಾವೆಲರ್ ಇಟ್ಟುಕೊಂಡು ಬಾಡಿಗೆ ಓಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಬೆಂಗಳೂರು, ಮೈಸೂರಿನ ದೊಡ್ಡ ಟ್ರಾವೆಲ್ಸ್‌ಗಳೂ ಆ್ಯಪ್ ಕಂಪನಿಗಳೂ ಅಷ್ಟು ಕಡಿಮೆ ದರ ತೋರಿಸುತ್ತಿರುವಾಗ ಗಿರಾಕಿ ನಮ್ಮ ಬಳಿಗೆ ಏಕೆ ಬರಬೇಕು? ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಕ್ರಮವಾಗಿ ಇಡುತ್ತಿದ್ದೇನೆ.

ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮೈಸೂರು, ಮಂಗಳೂರು, ಹಾಸನ, ಕಣ್ಣೂರು ಯಾವ ಕಡೆಯಿಂದ ಬಂದರೂ ಕೊನೆಯ ನೂರು ಕಿಲೋಮೀಟರು ರಸ್ತೆಯಲ್ಲೇ ಸಾಗಬೇಕು. ಆ ರಸ್ತೆ ನಿಮಗೆ ಗೊತ್ತು, ಬುಕಿಂಗ್ ಕೇಂದ್ರದಲ್ಲಿ ಕುಳಿತವರಿಗೆ ಗೊತ್ತಿಲ್ಲ. ಆದರೆ ನಿಮ್ಮ ತಿಳಿವಳಿಕೆ ನಿಮ್ಮ ತಲೆಯಲ್ಲೇ ಉಳಿದಿದ್ದರೆ ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿ ಕುಳಿತು ವಾಹನ ಹುಡುಕುವ ಕುಟುಂಬಕ್ಕೆ ಅದು ಕಾಣುವುದಿಲ್ಲ. ಅವರಿಗೆ ಕಾಣುವುದು ಕಿಲೋಮೀಟರಿಗೆ ಎಷ್ಟು ಎಂಬ ಅಂಕಿ ಮಾತ್ರ. ಆದ್ದರಿಂದ ನಿಮ್ಮ ಮುಂದಿರುವ ಕೆಲಸ ದರ ಇಳಿಸುವುದಲ್ಲ. ನಿಮಗೆ ಗೊತ್ತಿರುವುದನ್ನು ಮತ್ತು ನೀವು ಕೊಡುವ ಮಾತನ್ನು ಪ್ರಯಾಣಕ್ಕೆ ಮುಂಚೆಯೇ, ಬರಹದಲ್ಲಿ, ಗಿರಾಕಿಯ ಕಣ್ಣಿಗೆ ಬೀಳುವಂತೆ ಇಡುವುದು.

ಶುರು ಮಾಡುವ ಮೊದಲು ಕೆಲವನ್ನು ಹತ್ತಿರ ಇಟ್ಟುಕೊಳ್ಳಿ: ಪ್ರತಿ ವಾಹನದ ದಾಖಲೆಗಳು, ಕಳೆದ ಮೂರು ತಿಂಗಳ ಇಂಧನ ಮತ್ತು ರಿಪೇರಿ ಬಿಲ್ಲುಗಳು, ಆ ಅವಧಿಯ ಟ್ರಿಪ್ ಲೆಕ್ಕ. ಟ್ರಿಪ್ ಲೆಕ್ಕ ಬರೆದಿಡುವ ಅಭ್ಯಾಸ ಇಲ್ಲದಿದ್ದರೆ ಇಂದೇ ಒಂದು ಪುಸ್ತಕದಲ್ಲಿ ಆರಂಭಿಸಿ. ಹೊರಟಾಗ ಮತ್ತು ಮರಳಿದಾಗ ಮೀಟರ್ ಎಷ್ಟಿತ್ತು, ಅದರಲ್ಲಿ ಗಿರಾಕಿ ಹಣ ಕೊಟ್ಟ ದೂರವೆಷ್ಟು, ಖಾಲಿ ಓಡಿದ್ದೆಷ್ಟು ಎಂಬ ನಾಲ್ಕು ಅಂಕಣ ಸಾಕು.

ಹಂತ 1: ದಾಖಲೆಗಳನ್ನು ಸರಿಪಡಿಸಿ, ಅದನ್ನು ಹೇಳಿಕೊಳ್ಳಿ

ಚಾಲಕರ ಸಮೇತ ಬಾಡಿಗೆಗೆ ಓಡುವ ವಾಹನಕ್ಕೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇರಬೇಕು. ವಿದ್ಯುತ್ ವಾಹನವಾದರೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. ಗಿರಾಕಿಯೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಈ ಕೊನೆಯ ಬಗೆಯ ವ್ಯವಹಾರಕ್ಕೆ ಅನ್ವಯಿಸುವ 1989ರ ರೆಂಟ್ ಎ ಕ್ಯಾಬ್ ಯೋಜನೆ ಕನಿಷ್ಠ 50 ವಾಹನಗಳನ್ನು ಕೇಳುತ್ತದೆ. ದ್ವಿಚಕ್ರ ವಾಹನಗಳಿಗಾಗಿ 1997ರಲ್ಲಿ ಬಂದ ಯೋಜನೆಗೆ 5 ವಾಹನಗಳಿದ್ದರೆ ಸಾಕು. ಅಂದರೆ ಎರಡು ಕಾರು ಇರುವವರು ಚಾಲಕರಿಲ್ಲದೆ ಕಾರು ಕೊಡುವ ವ್ಯವಹಾರಕ್ಕೆ ಸ್ವಂತವಾಗಿ ಇಳಿಯುವುದು ಕಾನೂನಿನ ಪ್ರಕಾರ ಸಾಧ್ಯವಿಲ್ಲ.

ಎಚ್ಚರಿಕೆ: ಸೀಸನ್ನಿನಲ್ಲಿ ವಾಹನ ಸಾಲದೆ ಬಂದಾಗ ಪರಿಚಯದವರ ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಕಳುಹಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ. ಖಾಸಗಿ ಬಳಕೆಗೆಂದು ವಿಮೆ ಮಾಡಿಸಿದ ಕಾರು ಬಾಡಿಗೆ ಓಡುವಾಗ ಅಪಘಾತವಾದರೆ ವಿಮಾ ಕಂಪನಿ ಕ್ಲೇಮ್ ನಿರಾಕರಿಸಲು ಅವಕಾಶವಿದೆ, ಆಗ ಪರಿಹಾರದ ಹೊರೆ ಕಾರಿನ ಮಾಲೀಕರ ಮನೆಬಾಗಿಲಿಗೆ ಬರುತ್ತದೆ.

ಎಫ್‌ಸಿ (ವಾಹನ ರಸ್ತೆಗೆ ಯೋಗ್ಯ ಎಂದು ಆರ್‌ಟಿಒ ಕೊಡುವ ಪತ್ರ), ಪರ್ಮಿಟ್, ವಿಮೆ, ತೆರಿಗೆ, ಹೊಗೆ ತಪಾಸಣೆ ಪತ್ರ, ವಾಹನ ಎಲ್ಲಿದೆ ಎಂದು ತೋರಿಸುವ ಸಾಧನ ಮತ್ತು ತುರ್ತು ಗುಂಡಿ ಇವೆಲ್ಲ ಸರಿಯಿದ್ದರೆ ಆ ಸಂಗತಿಯನ್ನು ಗಿರಾಕಿಗೆ ಹೇಳಿ. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಹೊಂದಿರುವವರು ಕೂಡ ಕೇರಳಕ್ಕೆ ಹೊರಡುವ ಹಿಂದಿನ ದಿನ ಪರ್ಮಿಟ್ ಮತ್ತು ತೆರಿಗೆ ಎರಡನ್ನೂ ಪರಿಶೀಲಿಸಿಕೊಳ್ಳಬೇಕು. ಕುಟ್ಟ ಅಥವಾ ಮಾಕುಟ್ಟದ ಗಡಿಯಲ್ಲಿ ಗಿರಾಕಿಯನ್ನು ಕೂರಿಸಿಕೊಂಡು ದಂಡ ಕಟ್ಟುವ ಪರಿಸ್ಥಿತಿ ಬಂದರೆ ಆ ಕುಟುಂಬ ಮತ್ತೊಮ್ಮೆ ನಿಮ್ಮನ್ನು ಕರೆಯುವುದಿಲ್ಲ. ಸೇವೆಗಳಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಶುಲ್ಕವೇ ಇಲ್ಲ, ಅದಕ್ಕಾಗಿ ಮಧ್ಯವರ್ತಿಗೆ ಹಣ ಕೊಡಬೇಡಿ.

ಹಂತ 2: ನಿಮ್ಮ ಗಿರಾಕಿ ಯಾರು ಎಂದು ತೀರ್ಮಾನಿಸಿ

ಕೊಡಗಿನಲ್ಲಿ ಬಾಡಿಗೆ ವಾಹನ ಎಂದಾಕ್ಷಣ ಎಲ್ಲರೂ ವಾರಾಂತ್ಯದ ಪ್ರವಾಸಿಗರ ಹಿಂದೆ ಓಡುತ್ತಾರೆ. ದೊಡ್ಡವರ ಜಾಹೀರಾತು ಹಣ ಸುರಿಯುವುದೂ ಅಲ್ಲಿಯೇ. ಅವರು ಗಮನಿಸದ ಗಿರಾಕಿಗಳು ನಿಮ್ಮ ಊರಿನಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಮೈಸೂರಿಗೋ ಮಂಗಳೂರಿಗೋ ಚಿಕಿತ್ಸೆಗೆ ಹೋಗಬೇಕಾದ ಹಿರಿಯರು, ರಜೆಯಲ್ಲಿ ಊರಿಗೆ ಬರುವ ಸೈನಿಕರು, ಹೊರದೇಶದಿಂದ ಕಣ್ಣೂರು ವಿಮಾನ ನಿಲ್ದಾಣಕ್ಕೆ ಬಂದಿಳಿಯುವವರು, ಹಾಸ್ಟೆಲಿಗೆ ಮಕ್ಕಳನ್ನು ಬಿಟ್ಟು ಬರುವ ಪೋಷಕರು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮದುವೆಗೆಂದು ಬೆಂಗಳೂರಿನಿಂದ ಬರುವ ಬಂಧುಗಳು, ಸುಗ್ಗಿ ಹಬ್ಬ ಪುತ್ತರಿಗೆ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವ ದೊಡ್ಡ ಕುಟುಂಬಗಳು.

2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಅದು ಬೆಂಗಳೂರಿಗಿಂತ ಬಹಳ ಹತ್ತಿರವಾಯಿತು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ಮಾರ್ಗವಾಗಿ ಮಟ್ಟನ್ನೂರಿಗೆ ಇಳಿಯುವ ಆ ದಾರಿಯನ್ನು ರಾತ್ರಿಯಲ್ಲೂ ಮಳೆಯಲ್ಲೂ ನೆಮ್ಮದಿಯಾಗಿ ಓಡಿಸಬಲ್ಲ ಚಾಲಕ ನಿಮ್ಮಲ್ಲಿದ್ದರೆ ಅದೊಂದೇ ಸೇವೆಯ ಮೇಲೆ ಹೆಸರು ಕಟ್ಟಬಹುದು. ಎಲ್ಲ ಬಗೆಯ ಗಿರಾಕಿಗಳನ್ನೂ ಹಿಡಿಯಲು ಹೋಗದೆ ಎರಡು ಬಗೆಯವರನ್ನು ಆರಿಸಿಕೊಳ್ಳಿ: ಒಂದು ವರ್ಷವಿಡೀ ಇರುವ ಸ್ಥಳೀಯ ಕೆಲಸ, ಇನ್ನೊಂದು ಸೀಸನ್ನಿನ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ, ಬೋರ್ಡಿನಲ್ಲಿ, ಫೋನಿನಲ್ಲಿ ಅವೆರಡನ್ನೇ ಮುಂದಿಟ್ಟು ಮಾತನಾಡಿ.

ಹಂತ 3: ದರ ಹೇಳುವ ಮೊದಲು ನಿಮ್ಮ ಖರ್ಚು ತಿಳಿಯಿರಿ

ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಸಣ್ಣ ಟ್ರಾವೆಲ್ಸ್‌ಗಳು ಸೊರಗುವುದು ಗಿರಾಕಿ ಇಲ್ಲದೆ ಅಲ್ಲ, ನಷ್ಟಕ್ಕೆ ಓಡಿ. ಪಕ್ಕದವನ ದರಕ್ಕಿಂತ ಒಂದು ರೂಪಾಯಿ ಕಡಿಮೆ ಎಂಬುದು ಲೆಕ್ಕವಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳನ್ನು ತೆಗೆದು ನಿಮ್ಮವನ್ನು ಹಾಕಿಕೊಳ್ಳಿ. ತಿಂಗಳಿಗೆ ಸಾಲದ ಕಂತು 15,000, ಚಾಲಕರ ಸಂಬಳ 18,000, ವಿಮೆ, ತೆರಿಗೆ, ಪರ್ಮಿಟ್, ಎಫ್‌ಸಿ ಇವುಗಳ ತಿಂಗಳ ಪಾಲು 6,000, ಫೋನ್ ಮತ್ತು ತೊಳೆಯುವ ಖರ್ಚು 1,000 ಎಂದುಕೊಂಡರೆ ವಾಹನ ಶೆಡ್ಡಿನಲ್ಲಿ ನಿಂತಿದ್ದರೂ 40,000 ರೂಪಾಯಿ ಖರ್ಚಾಗುತ್ತದೆ. ಲೀಟರಿಗೆ 90 ರೂಪಾಯಿಯ ಇಂಧನ ಹಾಕಿ ಘಾಟಿಯಲ್ಲಿ 15 ಕಿಲೋಮೀಟರ್ ಮೈಲೇಜ್ ಬಂದರೆ ಕಿಲೋಮೀಟರಿಗೆ 6 ರೂಪಾಯಿ. ಟೈರ್, ಆಯಿಲ್, ಬ್ರೇಕ್ ಸೇರಿ ಇನ್ನು 2 ರೂಪಾಯಿ. ತಿಂಗಳಿಗೆ 4,000 ಕಿಲೋಮೀಟರ್ ಓಡಿದರೆ ಓಟದ ಖರ್ಚು 32,000, ಒಟ್ಟು 72,000.

ಈಗ ನಿಮ್ಮ ಪುಸ್ತಕದ ಕೊನೆಯ ಎರಡು ಅಂಕಣ ನೋಡಿ. ಆ 4,000ದಲ್ಲಿ ಹಣ ಬಂದ ದೂರ 2,500 ಕಿಲೋಮೀಟರ್ ಮಾತ್ರವಾದರೆ ಒಂದು ಕಿಲೋಮೀಟರಿಗೆ ತಗಲಿದ ಅಸಲು ಸುಮಾರು 29 ರೂಪಾಯಿ. 3,500 ಕಿಲೋಮೀಟರಿಗೆ ಹಣ ಬಂದಿದ್ದರೆ ಅದೇ ವಾಹನದ ಅಸಲು 21 ರೂಪಾಯಿಯ ಒಳಗೆ ಬರುತ್ತದೆ. ಹೆಚ್ಚುಕಡಿಮೆ ಎಂಟು ರೂಪಾಯಿಯ ವ್ಯತ್ಯಾಸ ಖಾಲಿ ಓಟದಲ್ಲೇ ಅಡಗಿದೆ. ದೊಡ್ಡವರು ಕಡಿಮೆ ದರ ಕೊಡಲು ಸಾಧ್ಯವಾಗುವುದು ಅವರ ವಾಹನ ವಾಪಸ್ ಬರುವಾಗಲೂ ಬಾಡಿಗೆ ಸಿಗುವ ಕಾರಣದಿಂದ. ನೀವು ಗಿಟ್ಟಿಸಿಕೊಳ್ಳಬೇಕಾದದ್ದೂ ಅದನ್ನೇ. ಮಂಗಳೂರಿಗೆ ಬೆಳಿಗ್ಗೆ ರೋಗಿಯನ್ನು ಕರೆದೊಯ್ಯುವ ದಿನ ಸಂಜೆ ಅಲ್ಲಿಂದ ಮಡಿಕೇರಿಗೆ ಬರುವವರು ಯಾರಾದರೂ ಇದ್ದಾರೆಯೇ ಎಂದು ಎರಡು ದಿನ ಮುಂಚೆಯೇ ಪರಿಚಿತ ಹೋಮ್‌ಸ್ಟೇಗಳನ್ನೂ ಇತರ ಮಾಲೀಕರನ್ನೂ ವಿಚಾರಿಸಿ. ವಾಪಸ್ ಓಟಕ್ಕೆ ಮಾತ್ರ ರಿಯಾಯಿತಿ ದರ ಕೊಡಿ, ಅದು ನಷ್ಟವಲ್ಲ.

ಎಚ್ಚರಿಕೆ: ಊರೊಳಗಿನ ಸುತ್ತಾಟಕ್ಕೆ ಕಿಲೋಮೀಟರ್ ದರ ಹೇಳಬೇಡಿ. ಅಬ್ಬಿ ಜಲಪಾತ, ರಾಜಾಸೀಟ್ ಸುತ್ತಿದರೆ ದಿನವಿಡೀ ಮೀಟರ್ ನಾಲ್ವತ್ತು ಐವತ್ತನ್ನು ದಾಟುವುದಿಲ್ಲ, ಆದರೆ ವಾಹನ ಮತ್ತು ಚಾಲಕ ಇಡೀ ದಿನ ಅಲ್ಲೇ ಇರುತ್ತಾರೆ. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 26 ದಿನದ ಕೆಲಸ ಎಂದರೂ ದಿನದ ನಿಂತ ಖರ್ಚೇ 1,500 ರೂಪಾಯಿ ಮೀರುತ್ತದೆ. ದಿನಕ್ಕಿಷ್ಟು, ಇಷ್ಟು ಗಂಟೆ, ಇಷ್ಟು ಕಿಲೋಮೀಟರ್ ಎಂದು ಹೇಳಿ.

ಹಂತ 4: ಒಪ್ಪಿದ್ದನ್ನು ಬರೆದು ಕಳುಹಿಸಿ

ಬಾಡಿಗೆ ವಾಹನದ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಕೊನೆಯಲ್ಲಿ ಸೇರಿಕೊಳ್ಳುವ ಮೊತ್ತಗಳಿಂದ: ಬತ್ತಾ (ಚಾಲಕರ ದಿನದ ಊಟ ಮತ್ತು ತಂಗುವ ಭತ್ಯೆ), ಪಾರ್ಕಿಂಗ್, ರಾತ್ರಿ ಓಟದ ಶುಲ್ಕ, ಶೆಡ್ಡಿನಿಂದ ಶೆಡ್ಡಿಗೆ ಎಣಿಸಿದ ಕಿಲೋಮೀಟರ್. ನೀವು ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರೆ ಅದು ಮೊದಲ ನೋಟಕ್ಕೆ ಹೆಚ್ಚೆನಿಸಬಹುದು, ಆದರೆ ಕೊನೆಯ ದಿನ ಅದೇ ಮೊತ್ತ ಉಳಿದಾಗ ಗಿರಾಕಿ ಅದನ್ನು ಮರೆಯುವುದಿಲ್ಲ. ಬುಕಿಂಗ್ ಆದ ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಹೀಗೊಂದು ಸಂದೇಶ ಹೋಗಲಿ:

"ನಮಸ್ಕಾರ. ಎರ್ಟಿಗಾ, 6 ಜನರಿಗೆ, ಎರಡು ದಿನ. ಮೊದಲ ದಿನ ಬೆಳಿಗ್ಗೆ 7.30ಕ್ಕೆ ಮಡಿಕೇರಿಯ ನಿಮ್ಮ ಹೋಮ್‌ಸ್ಟೇಯಿಂದ ಭಾಗಮಂಡಲ, ತಲಕಾವೇರಿ, ಸಂಜೆ ರಾಜಾಸೀಟ್. ಎರಡನೇ ದಿನ ದುಬಾರೆ, ಬೈಲುಕುಪ್ಪೆ, ನಿಸರ್ಗಧಾಮ. 220 ಕಿ.ಮೀ.ವರೆಗೆ ಒಟ್ಟು 6,500 ರೂಪಾಯಿ. ಇಂಧನ, ಚಾಲಕರ ಬತ್ತಾ, ಪಾರ್ಕಿಂಗ್ ಇದರಲ್ಲೇ ಸೇರಿವೆ. ಪ್ರವೇಶ ಶುಲ್ಕ, ದೋಣಿ ಮತ್ತು ಜೀಪು ಬಾಡಿಗೆ ಸೇರಿಲ್ಲ. 220 ದಾಟಿದರೆ ಕಿ.ಮೀ.ಗೆ 18 ರೂಪಾಯಿ. ಮಳೆಯಿಂದ ರಸ್ತೆ ಬಂದ್ ಆದರೆ ಮುಂಗಡ ಪೂರ್ತಿ ವಾಪಸ್. ಚಾಲಕರ ಹೆಸರು, ಮೊಬೈಲ್ ಸಂಖ್ಯೆ, ವಾಹನದ ಸಂಖ್ಯೆ ಹಿಂದಿನ ಸಂಜೆ 6 ಗಂಟೆಗೆ ಕಳುಹಿಸುತ್ತೇವೆ."

ಮೊತ್ತಗಳು ಮಾದರಿಗೆ ಮಾತ್ರ. ಈ ಸಂದೇಶದಲ್ಲಿ ಯಾವ ಸಾಲನ್ನು ಬಿಟ್ಟರೂ ಸೇರಿಲ್ಲದವುಗಳ ಸಾಲನ್ನು ಬಿಡಬೇಡಿ. ಸಂಜೆ 6ಕ್ಕೆ ಕಳುಹಿಸುತ್ತೇವೆ ಎಂದರೆ 6ಕ್ಕೆ ಕಳುಹಿಸಿ. ಅಪರಿಚಿತ ಊರಿಗೆ ಬಂದವರು ಹಿಂದಿನ ರಾತ್ರಿ ಚಿಂತಿಸುವುದು ವಾಹನ ಬರುತ್ತದೋ ಇಲ್ಲವೋ ಎಂಬ ಒಂದೇ ವಿಷಯಕ್ಕೆ.

ಹಂತ 5: ರಸ್ತೆಯ ತಿಳಿವಳಿಕೆಯನ್ನೇ ಸೇವೆಯಾಗಿಸಿ

ನಿಮ್ಮ ನಿಜವಾದ ಬಂಡವಾಳ ಇಲ್ಲಿದೆ. ಗಿರಾಕಿ ಎಲ್ಲಿಂದಲೋ ನಕಲು ಮಾಡಿಕೊಂಡು ತರುವ ಪಟ್ಟಿಯಲ್ಲಿ ತಲಕಾವೇರಿ, ದುಬಾರೆ, ಇರ್ಪು ಜಲಪಾತ ಮೂರೂ ಒಂದೇ ದಿನದಲ್ಲಿ ಇರುವುದುಂಟು. ತಲಕಾವೇರಿ ಮಡಿಕೇರಿಗೆ ಪಶ್ಚಿಮ, ದುಬಾರೆ ಪೂರ್ವ, ಇರ್ಪು ಕುಟ್ಟದ ಕಡೆ ದಕ್ಷಿಣದ ಅಂಚು. ನಕ್ಷೆಯಲ್ಲಿ ಹತ್ತಿರ ಕಂಡರೂ ತಿರುವುಗಳ ದಾರಿಯಲ್ಲಿ ಇಡೀ ದಿನ ವಾಹನದಲ್ಲೇ ಕಳೆಯುತ್ತದೆ. ಹಣ ಬರುತ್ತದೆಂದು ಸುಮ್ಮನೆ ಒಪ್ಪಿಕೊಳ್ಳುವವರೂ ಇದ್ದಾರೆ. ನೀವು ಹಾಗೆ ಮಾಡದೆ ಪಟ್ಟಿಯನ್ನು ತಿದ್ದಿ ಕೊಡಿ. ಆನೆಗಳ ಸ್ನಾನ ನೋಡಬೇಕಾದರೆ ದುಬಾರೆಗೆ ಬೆಳಿಗ್ಗೆಯೇ ತಲುಪಬೇಕು, ಮಳೆಗಾಲದಲ್ಲಿ ಹೊಳೆ ಏರಿದರೆ ದೋಣಿ ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ಅಬ್ಬಿಯ ನೀರು ಸೊರಗಿರುತ್ತದೆ, ಮಾಂದಲಪಟ್ಟಿಯ ಕೊನೆಯ ದಾರಿ ಜೀಪಿಗೇ ಸರಿ, ಸಾಮಾನ್ಯ ಕಾರಿಗಲ್ಲ. ಇಷ್ಟನ್ನು ಮೊದಲೇ ಹೇಳುವ ಮಾಲೀಕರನ್ನು ಗಿರಾಕಿ ನಂಬುತ್ತಾರೆ, ಪ್ರವಾಸ ಒಂದು ಸ್ಥಳ ಕಡಿಮೆಯಾದರೂ ತೃಪ್ತಿಯಿಂದ ಮರಳುತ್ತಾರೆ.

ನಿಮ್ಮ ಕಡೆಯ ಐದಾರು ಮಾರ್ಗಗಳಿಗೆ ಒಂದೊಂದು ಪುಟದ ಮಾರ್ಗಪತ್ರ ಬರೆದಿಡಿ. ಗೂಗಲ್ ತೋರಿಸುವ ಸಮಯವನ್ನಲ್ಲ, ಮಗು ಮತ್ತು ಅಜ್ಜಿ ಇರುವ ಕಾರಿಗೆ ನಿಜವಾಗಿ ಹಿಡಿಯುವ ಸಮಯವನ್ನು ಬರೆಯಿರಿ. ಶುದ್ಧವಾದ ಶೌಚಾಲಯ ಎಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಮಂಜು ಯಾವ ಹೊತ್ತಿಗೆ ಇಳಿಯುತ್ತದೆ, ಕೊನೆಯ ಪೆಟ್ರೋಲ್ ಬಂಕ್ ಯಾವುದು ಎಂಬುದೂ ಅದರಲ್ಲಿರಲಿ. ತೋಟಗಳ ಒಳಗಿನ ಹೋಮ್‌ಸ್ಟೇಗಳನ್ನು ನಕ್ಷೆ ತಪ್ಪಾಗಿ ತೋರಿಸುವುದು ಸಾಮಾನ್ಯ. ಅಂಥ ಕಡೆ ಗೇಟಿನ ಗುರುತು ಸಹಿತ ಬರೆದುಕೊಳ್ಳಿ. ನಾಗರಹೊಳೆ ಕಾಡಿನ ಮೂಲಕ ಕುಟ್ಟಕ್ಕೆ ಹೋಗುವ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದನ್ನು ಮರೆತು ಸಮಯ ಕೊಡಬೇಡಿ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವದ ಮುಹೂರ್ತ ಪ್ರತಿ ವರ್ಷ ಬದಲಾಗುತ್ತದೆ, ಕೆಲವು ವರ್ಷ ನಡುರಾತ್ರಿಗೂ ಬೀಳುತ್ತದೆ. ಅಕ್ಟೋಬರಿನ ಬುಕಿಂಗ್ ತೆಗೆದುಕೊಳ್ಳುವ ಮೊದಲು ಮುಹೂರ್ತ ತಿಳಿದುಕೊಳ್ಳಿ.

ಎಚ್ಚರಿಕೆ: 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ಹೆದ್ದಾರಿ ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೂ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುನ್ನ ಜಿಲ್ಲಾಡಳಿತದ ಪ್ರಕಟಣೆ ನೋಡುವುದನ್ನು ನಿಯಮ ಮಾಡಿಕೊಳ್ಳಿ. ಅಪಾಯ ಕಂಡರೆ ಬಾಡಿಗೆ ಹೋದರೂ ಸರಿ, ಬೇಡ ಎನ್ನಿ. ಮುಂಗಡವನ್ನು ಅದೇ ದಿನ ಮರಳಿಸಿ.

ಹಂತ 6: ವಾಹನ ಮತ್ತು ಚಾಲಕ

ಹಳೆಯ ಮಾದರಿಯ ಕಾರು ನಾಚಿಕೆಯ ವಿಷಯವಲ್ಲ, ಒದ್ದೆ ಕಾರ್ಪೆಟ್ಟಿನ ವಾಸನೆ ಮಾತ್ರ ಕ್ಷಮ್ಯವಲ್ಲ. ಮಳೆಗಾಲದಲ್ಲಿ ನೆಲಕ್ಕೆ ರಬ್ಬರ್ ಹಾಸು ಹಾಕಿ, ಎರಡು ದೊಡ್ಡ ಕೊಡೆ, ಒಣ ಟವೆಲ್, ಕುಡಿಯುವ ನೀರು ಇಡಿ. ಸಂಪಾಜೆ ಅಥವಾ ಮಾಕುಟ್ಟ ಘಾಟಿಯಲ್ಲಿ ಮಕ್ಕಳಿಗೆ ವಾಂತಿ ಬರುವುದು ಸಹಜ. ಮುಂದಿನ ಸೀಟಿನ ಹಿಂದಿನ ಜೇಬಿನಲ್ಲಿ ನಾಲ್ಕು ಕಾಗದದ ಚೀಲ, ಒಂದು ನಿಂಬೆಹಣ್ಣು, ಒರೆಸುವ ಕಾಗದ ಮೊದಲೇ ಇದ್ದರೆ ತಾಯಿಯೊಬ್ಬಳು ಅದನ್ನು ನೆನಪಿಟ್ಟುಕೊಂಡು ನಾಲ್ಕು ಜನರಿಗೆ ಹೇಳುತ್ತಾಳೆ. ಟೈರ್, ವೈಪರ್, ಮಂಜಿನ ದೀಪ, ಬ್ರೇಕ್ ಇವುಗಳಲ್ಲಿ ಉಳಿತಾಯ ಬೇಡ.

ಚಾಲಕರನ್ನು ಆರಿಸುವಾಗ ಒಂದು ವಿಷಯ ತಿಳಿದಿರಲಿ: ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕಿಲೋ ಒಳಗಿನ ಬಾಡಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಘಾಟಿ ಬರುವುದಿಲ್ಲ. ಇಳಿಜಾರಿನಲ್ಲಿ ಗೇರಿನ ಹಿಡಿತದಲ್ಲಿ ಇಳಿಸುವುದು, ತಿರುವಿನಲ್ಲಿ ಹಾರ್ನ್, ಎದುರು ಏರಿ ಬರುವ ವಾಹನಕ್ಕೆ ದಾರಿ ಬಿಡುವುದು ಇವನ್ನು ಪಕ್ಕದಲ್ಲಿ ಕುಳಿತು ನೋಡಿಯೇ ಕೆಲಸ ಕೊಡಿ. ಗಿರಾಕಿ ಕೇಳದ ಅಂಗಡಿಗೆ ಕಮಿಷನ್ನಿಗಾಗಿ ಕರೆದೊಯ್ಯುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ. ಮಸಾಲೆ ಮತ್ತು ಚಾಕೊಲೇಟ್ ಅಂಗಡಿಗಳ ಮುಂದೆ ಬಲವಂತವಾಗಿ ನಿಲ್ಲಿಸಿದ ಒಂದು ಟ್ರಿಪ್ ಇಡೀ ವರ್ಷದ ಒಳ್ಳೆಯ ಹೆಸರನ್ನು ತಿನ್ನುತ್ತದೆ. ಅದರ ಬದಲು ಚಾಲಕರಿಗೆ ನ್ಯಾಯವಾದ ಬತ್ತಾ, ಮಲಗಲು ಸರಿಯಾದ ಜಾಗ ಕೊಡಿ. ರಾತ್ರಿಯೆಲ್ಲ ಸೀಟಿನಲ್ಲೇ ಮಲಗಿದವರ ಕೈಗೆ ಮರುದಿನ ಆರು ಜೀವಗಳನ್ನು ಒಪ್ಪಿಸುವುದು ಸರಿಯಲ್ಲ.

ಹಂತ 7: ಹುಡುಕುವವರಿಗೆ ಸಿಗುವಂತಿರಿ

ಗೂಗಲ್ ನಕ್ಷೆಯಲ್ಲಿ ವ್ಯವಹಾರದ ಪ್ರೊಫೈಲ್ ಮಾಡಿಕೊಳ್ಳಲು ಹಣ ಬೇಕಿಲ್ಲ. ಬೋರ್ಡಿನ ಮೇಲಿರುವ ಹೆಸರನ್ನೇ ಕೊಡಿ. ಹೆಸರಿನ ಜೊತೆ "ಕಡಿಮೆ ದರದ ಉತ್ತಮ ಟ್ಯಾಕ್ಸಿ ಮಡಿಕೇರಿ" ಎಂದು ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು. ನಿಮ್ಮದೇ ವಾಹನದ, ನಿಮ್ಮದೇ ರಸ್ತೆಯ ಚಿತ್ರ ಹಾಕಿ. ಟ್ರಿಪ್ ಮುಗಿದ ಸಂಜೆ ಅಭಿಪ್ರಾಯ ಬರೆಯುವ ಕೊಂಡಿ ಕಳುಹಿಸಿ. ರಿಯಾಯಿತಿಯ ಆಸೆ ತೋರಿಸಿ ಬರೆಸುವುದು, ಬಂಧುಗಳಿಂದ ಬರೆಸುವುದು ಎರಡೂ ನಿಯಮಕ್ಕೆ ವಿರುದ್ಧ. ಕೆಟ್ಟ ಅಭಿಪ್ರಾಯ ಬಂದರೆ ವಾದಿಸದೆ, ಏನಾಯಿತು, ಏನು ಸರಿಪಡಿಸಿದಿರಿ ಎಂದು ಎರಡು ಸಾಲಿನಲ್ಲಿ ಉತ್ತರಿಸಿ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗಿ ಟವರ್ ನಿಲ್ಲುವುದು ನಮಗೆ ಹೊಸದಲ್ಲ. ಬೇರೆ ಬೇರೆ ಕಂಪನಿಗಳ ಎರಡು ಸಿಮ್ ಇಟ್ಟು ಎರಡೂ ಸಂಖ್ಯೆಗಳನ್ನು ಕೊಡಿ.

ಹಂತ 8: ಹೋಮ್‌ಸ್ಟೇಗಳೊಂದಿಗೆ, ಇತರ ಮಾಲೀಕರೊಂದಿಗೆ

ಹತ್ತಿರದ ಐದಾರು ಹೋಮ್‌ಸ್ಟೇಗಳಿಗೆ ನಿಮ್ಮ ಮಾರ್ಗಪತ್ರ ಮತ್ತು ದರಪಟ್ಟಿಯನ್ನು ಮುದ್ರಿಸಿ ಕೊಡಿ. ಕಮಿಷನ್ ಕೊಡುವುದಾದರೆ ನಿಮ್ಮ ದರದೊಳಗಿಂದ ಕೊಡಿ, ಗಿರಾಕಿಯ ಮೇಲೆ ಏರಿಸಬೇಡಿ. ಒಂದೇ ಮಾರ್ಗಕ್ಕೆ ಎರಡು ದರ ಇದೆ ಎಂದು ತಿಳಿದರೆ ಹೋಮ್‌ಸ್ಟೇಯವರ ಮರ್ಯಾದೆಯೂ ಹೋಗುತ್ತದೆ.

ನಿಮ್ಮಂತೆಯೇ ಎರಡು ಮೂರು ವಾಹನ ಇಟ್ಟುಕೊಂಡಿರುವ ನಾಲ್ಕು ಜನ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಳ್ಳಿ. ಒಬ್ಬರ ವಾಹನ ಕೆಟ್ಟು ನಿಂತರೆ ಇನ್ನೊಬ್ಬರದು ಹೋಗಬೇಕು, ಗಿರಾಕಿಗೆ ಹೇಳಿದ ದರ ಬದಲಾಗಬಾರದು, ಆ ಗಿರಾಕಿಯನ್ನು ಮುಂದಿನ ಬಾರಿ ಸೆಳೆದುಕೊಳ್ಳಬಾರದು. ದೊಡ್ಡ ಕಂಪನಿ ಬದಲಿ ವಾಹನ ಕಳುಹಿಸಬಲ್ಲದು ಎಂಬ ಅದರ ಹೆಚ್ಚುಗಾರಿಕೆ ಆಗ ಉಳಿಯುವುದಿಲ್ಲ. ಬದಲಿಯಾಗಿ ಹೋಗುವ ವಾಹನದ ಎಫ್‌ಸಿ ಮತ್ತು ವಿಮೆಯ ಪ್ರತಿ ನಿಮ್ಮ ಫೋನಿನಲ್ಲಿ ಮೊದಲೇ ಇರಲಿ.

ಕೊನೆಯದಾಗಿ ವರ್ಷದ ಯೋಜನೆ. ಎಫ್‌ಸಿ 8 ವರ್ಷದೊಳಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಬರುತ್ತದೆ. ದಸರಾ, ತುಲಾ ಸಂಕ್ರಮಣ, ಡಿಸೆಂಬರಿನ ಕೊನೆಯ ವಾರ, ಏಪ್ರಿಲ್‌ ಮೇ ತಿಂಗಳ ಮದುವೆಗಳು ಇವುಗಳ ನಡುವೆ ನಿಮ್ಮ ಎಫ್‌ಸಿ ಅಥವಾ ವಿಮೆಯ ದಿನಾಂಕ ಬೀಳುತ್ತಿದೆಯೇ ಎಂದು ಈಗಲೇ ನೋಡಿ. ಬೀಳುತ್ತಿದ್ದರೆ ಅವಧಿಗೆ ಮುನ್ನವೇ, ಬಾಡಿಗೆ ಕಡಿಮೆ ಇರುವ ಜುಲೈ ತಿಂಗಳಲ್ಲಿ ಬ್ರೇಕ್ ಮತ್ತು ಬಾಡಿ ಕೆಲಸದ ಜೊತೆಗೆ ಮುಗಿಸಿಬಿಡಿ.